ಬಣ್ಣದ ಕೊಂಡಿ ಕಳಚಿದಾಗ

ಪ್ರೌಢಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿ ಕಿತ್ತಳೆ ಬಣ್ಣದ ದ್ರಾವಣ ತುಂಬಿದ ಒಂದು ಸಣ್ಣ ಬಾಟಲಿ ಇರುತ್ತದೆ. ಅದರ ಹೆಸರು ಮೀಥೈಲ್ ಆರೆಂಜ್. ಆಮ್ಲಕ್ಕೆ ಎರಡು ಹನಿ ಬಿದ್ದರೆ ಕೆಂಪು, ಪ್ರತ್ಯಾಮ್ಲಕ್ಕೆ ಬಿದ್ದರೆ ಹಳದಿ. ಹತ್ತನೆಯ ತರಗತಿಯ ಮಕ್ಕಳು ಇದನ್ನು ಸೂಚಕವೆಂದು ಮಾತ್ರ ಅರಿತಿರುತ್ತಾರೆ. ಆದರೆ ಈ ಬಾಟಲಿಯೊಳಗಿನ ವಸ್ತುವಿಗೆ ಬಲು ದೊಡ್ಡ ಬಳಗವಿದೆ. ಮಕ್ಕಳು ತೊಡುವ ಅಂಗಿಯ ಬಣ್ಣ, ಜಾತ್ರೆಯಲ್ಲಿ ಕೊಂಡ ಮಿಠಾಯಿಯ ಹಳದಿ, ಕೀಲುವಾತಕ್ಕೆ ವೈದ್ಯರು ಬರೆದುಕೊಡುವ ಒಂದು ಮಾತ್ರೆ, ಇವುಗಳಲ್ಲೆಲ್ಲ ಆ ಬಳಗದ ಸದಸ್ಯರು ಸಿಗುತ್ತಾರೆ. ಅದನ್ನು ಅಜೋ ವರ್ಣದ್ರವ್ಯಗಳ ಕುಟುಂಬವೆಂದು ಕರೆಯುತ್ತಾರೆ. ಇಂದು ಜಗತ್ತಿನಲ್ಲಿ ಬಳಕೆಯಲ್ಲಿರುವ ಕೃತಕ ಬಣ್ಣಗಳಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಈ ಕುಟುಂಬದ್ದು.

ಇದೇ ಕುಟುಂಬದಲ್ಲಿ ಸಾವಿರಾರು ಜೀವಗಳನ್ನು ಉಳಿಸಿದ ಔಷಧವಿದೆ; ಮೂತ್ರಕೋಶದ ಕ್ಯಾನ್ಸರನ್ನು ತಂದ ಬಣ್ಣವೂ ಇದೆ. ಒಂದೇ ಬಗೆಯಲ್ಲಿ ಕಟ್ಟಿದ ವಸ್ತುಗಳು ಇಷ್ಟು ಬೇರೆ ಬೇರೆ ಫಲವನ್ನು ಕೊಡುವುದು ಹೇಗೆ? ಆ ಬಣ್ಣ ನಮ್ಮ ಒಡಲಿನಲ್ಲಿ ಒಡೆದಾಗ ಹೊರಬರುವ ಚೂರುಗಳು ಯಾವುವು ಎಂಬುದರ ಮೇಲೆ ಬಹುಮಟ್ಟಿಗೆ ಇದರ ಉತ್ತರ ನಿಂತಿದೆ. ಮಕ್ಕಳಿರುವ ಪ್ರತಿಯೊಂದು ಮನೆಯೂ ತಿಳಿದಿರಬೇಕಾದ ರಸಾಯನವಿದು.

ಕೊಂಡಿಯ ಪರಿಚಯ

ಸಾರಜನಕದ ಎರಡು ಪರಮಾಣುಗಳು ಪರಸ್ಪರ ದ್ವಿಬಂಧದಿಂದ ಕೂಡಿರುವುದೇ ಅಜೋ ಕೊಂಡಿ. ಸಾರಜನಕಕ್ಕೆ ಫ್ರೆಂಚ್ ಭಾಷೆಯಲ್ಲಿ ಅಜೋಟ್ ಎಂದು ಹೆಸರು. ಈ ಬಣ್ಣಗಳಿಗೆ ಅಜೋ ಎಂಬ ಹೆಸರು ಅಲ್ಲಿಂದಲೇ ಬಂದಿದೆ. ಕೊಂಡಿಯ ಎಡಬದಿಗೊಂದು, ಬಲಬದಿಗೊಂದು ಬೆನ್‌ಜೀನಿನಂಥ ಇಂಗಾಲದ ಉಂಗುರ ಇರುತ್ತದೆ. ಎರಡು ಉಂಗುರಗಳನ್ನು ನಡುವೆ ಬೆಸೆದಿರುವ ಸರಪಳಿಯ ಕೊಂಡಿಯಂತೆ ಈ ಸಾರಜನಕದ ಜೋಡಿಯನ್ನು ಕಲ್ಪಿಸಿಕೊಳ್ಳಬಹುದು.

ಬಣ್ಣ ಹುಟ್ಟುವುದೂ ಈ ಜೋಡಣೆಯಿಂದಲೇ. ಬರಿಯ ಬೆನ್‌ಜೀನಿಗೆ ಬಣ್ಣವಿಲ್ಲ. ಎರಡು ಉಂಗುರಗಳ ನಡುವೆ ಅಜೋ ಕೊಂಡಿ ಬಿದ್ದೊಡನೆ ಅವುಗಳ ಎಲೆಕ್ಟ್ರಾನುಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹರಡಿಕೊಳ್ಳುತ್ತವೆ. ಹಾಗೆ ಹರಡಿದ ಎಲೆಕ್ಟ್ರಾನುಗಳು ಬೆಳಕಿನ ಒಂದು ಭಾಗವನ್ನು ಹೀರಿಕೊಳ್ಳುತ್ತವೆ. ಉಳಿದ ಭಾಗ ನಮ್ಮ ಕಣ್ಣನ್ನು ತಲುಪುತ್ತದೆ. ನೀಲಿ ಬೆಳಕನ್ನು ಹೀರಿದ ವಸ್ತು ನಮಗೆ ಹಳದಿಯಾಗಿಯೋ ಕಿತ್ತಳೆಯಾಗಿಯೋ ಕಾಣುತ್ತದೆ. ಉಂಗುರಗಳನ್ನೂ ಕೊಂಡಿಗಳನ್ನೂ ಹೆಚ್ಚಿಸುತ್ತ ಹೋದರೆ ಬಣ್ಣ ಕೆಂಪಿಗೆ, ನೇರಳೆಗೆ, ನೀಲಿಗೆ, ಕೊನೆಗೆ ಕಪ್ಪಿಗೆ ಸಾಗುತ್ತದೆ.

ಮೀಥೈಲ್ ಆರೆಂಜ್ ಬಣ್ಣ ಬದಲಿಸುವ ಗುಟ್ಟೂ ಇಲ್ಲಿಯೇ ಇದೆ. ದ್ರಾವಣದಲ್ಲಿ ಆಮ್ಲ ಹೆಚ್ಚಿದಾಗ ಜಲಜನಕದ ಅಯಾನೊಂದು ಕೊಂಡಿಯ ಸಾರಜನಕಕ್ಕೆ ಅಂಟಿಕೊಳ್ಳುತ್ತದೆ. ಎಲೆಕ್ಟ್ರಾನುಗಳ ಹರವು ಬದಲಾಗುತ್ತದೆ, ಹಳದಿ ಕೆಂಪಾಗುತ್ತದೆ. ಪಿಎಚ್ 3.1ಕ್ಕಿಂತ ಕೆಳಗೆ ಅದು ಕೆಂಪು, 4.4ಕ್ಕಿಂತ ಮೇಲೆ ಹಳದಿ, ನಡುವೆ ಕಿತ್ತಳೆ.

ಬಿಯರ್ ಕಾರ್ಖಾನೆಯ ರಸಾಯನಜ್ಞ

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಬಟ್ಟೆಯ ಬಣ್ಣಗಳು ಗಿಡ, ಬೇರು, ಕೀಟಗಳಿಂದ ಬರುತ್ತಿದ್ದವು. ಕೆಂಪಿಗೆ ಮಂಜಿಷ್ಠ ಮತ್ತು ಅರಗು, ನೀಲಿಗೆ ನೀಲಿಗಿಡ. 1856ರಲ್ಲಿ ಲಂಡನ್ನಿನ 18 ವರ್ಷದ ವಿಲಿಯಂ ಹೆನ್ರಿ ಪರ್ಕಿನ್ ಮಲೇರಿಯಾಕ್ಕೆ ಔಷಧವಾದ ಕ್ವಿನೈನನ್ನು ತಯಾರಿಸಲು ಹೋಗಿ, ಅನಿಲಿನ್ ಎಂಬ ದ್ರವದಿಂದ ನೇರಳೆ ಬಣ್ಣವನ್ನು ಪಡೆದ. ಕಲ್ಲಿದ್ದಲಿನಿಂದ ಅನಿಲ ತೆಗೆದ ಬಳಿಕ ಉಳಿಯುತ್ತಿದ್ದ ಕಪ್ಪು ಟಾರಿಗೆ ಅಂದಿನಿಂದ ಬೆಲೆ ಬಂದಿತು. ಪರ್ಕಿನ್ನನ ನೇರಳೆ ಅಜೋ ಕುಟುಂಬಕ್ಕೆ ಸೇರಿದ್ದಲ್ಲ. ಆದರೆ ಅಜೋ ಬಣ್ಣಗಳಿಗೆ ಬೇಕಾದ ಕಚ್ಚಾವಸ್ತುಗಳೂ ಅದೇ ಟಾರಿನಲ್ಲಿದ್ದವು.

ಎರಡು ವರ್ಷಗಳ ತರುವಾಯ, 1858ರಲ್ಲಿ, ಜರ್ಮನಿಯ ಮಾರ್ಬುರ್ಗ್ ನಗರದಲ್ಲಿ ಪೀಟರ್ ಗ್ರೀಸ್ ಎಂಬ ತರುಣನು ಹೊಸ ಬಗೆಯ ಕ್ರಿಯೆಯೊಂದನ್ನು ಕಂಡುಹಿಡಿದನು. ಅನಿಲಿನ್ ಜಾತಿಯ ವಸ್ತುಗಳನ್ನು ತಣ್ಣಗಿನ ಸ್ಥಿತಿಯಲ್ಲಿ ನೈಟ್ರಸ್ ಆಮ್ಲದೊಡನೆ ಕೂಡಿಸಿದರೆ ಅತಿ ಚುರುಕಾದ ಸಂಯುಕ್ತವೊಂದು ಹುಟ್ಟುತ್ತದೆ. ಅದಕ್ಕೆ ಡಯಜೋ ಸಂಯುಕ್ತವೆಂದು ಹೆಸರಾಯಿತು. ಗ್ರೀಸ್ ಮುಂದೆ ಇಂಗ್ಲೆಂಡಿಗೆ ಹೋಗಿ, 1862ರಿಂದ ಬರ್ಟನ್ ಪಟ್ಟಣದ ಬಿಯರ್ ಕಾರ್ಖಾನೆಯೊಂದರಲ್ಲಿ ರಸಾಯನಜ್ಞನಾಗಿ ದುಡಿದನು. ಹಗಲಿನ ಕೆಲಸ ಬಿಯರಿನದು. ಬಿಡುವಿನ ವೇಳೆಯ ಸಂಶೋಧನೆ ಡಯಜೋ ಸಂಯುಕ್ತಗಳದು. 1888ರಲ್ಲಿ ತೀರಿಕೊಳ್ಳುವವರೆಗೂ ಅವನು ಇವೆರಡನ್ನೂ ಬಿಡಲಿಲ್ಲ.

ಅಜೋ ಬಣ್ಣ ತಯಾರಿಸುವ ಕ್ರಮ ಇಂದಿಗೂ ಮೂಲತಃ ಅದೇ. ಅನಿಲಿನ್‌ನಂಥ ಅಮೀನನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಮಂಜುಗಡ್ಡೆಯಿಟ್ಟು 0ದಿಂದ 5 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ಸೋಡಿಯಂ ನೈಟ್ರೈಟ್ ಬೆರೆಸುತ್ತಾರೆ. ಡಯಜೋ ಲವಣ ಸಿದ್ಧವಾಗುತ್ತದೆ. ಬಿಸಿಯೇರಿದರೆ ಅದು ಸಾರಜನಕವನ್ನು ಬಿಟ್ಟುಕೊಟ್ಟು ಕೆಟ್ಟುಹೋಗುತ್ತದೆ. ಮಂಜುಗಡ್ಡೆ ಬೇಕಾಗುವುದು ಇದಕ್ಕಾಗಿಯೇ. ಆ ತಣ್ಣನೆಯ ದ್ರಾವಣವನ್ನು ನ್ಯಾಫ್ತಾಲ್ ಅಥವಾ ಫಿನಾಲ್ ಇರುವ ಇನ್ನೊಂದು ದ್ರಾವಣಕ್ಕೆ ಸುರಿದೊಡನೆ ಎರಡು ಉಂಗುರಗಳು ಕೊಂಡಿ ಹಾಕಿಕೊಳ್ಳುತ್ತವೆ. ಬಣ್ಣ ಕಣ್ಣೆದುರಿಗೇ ಮೂಡುತ್ತದೆ. ಎಡಬದಿಗೆ ಹತ್ತು ಬಗೆಯ ಚೂರುಗಳೂ ಬಲಬದಿಗೆ ಹತ್ತು ಬಗೆಯ ಚೂರುಗಳೂ ಇದ್ದರೆ ನೂರು ಬಣ್ಣಗಳನ್ನು ಹೆಣೆಯಬಹುದು. ಈ ಕುಟುಂಬ ಇಷ್ಟು ದೊಡ್ಡದಾಗಿ ಬೆಳೆದದ್ದು ಈ ಸರಳ ಲೆಕ್ಕದಿಂದ.

ಹತ್ತಿಯನ್ನು ಹಿಡಿದ ಬಣ್ಣ

ಹತ್ತಿಯ ನೂಲಿಗೆ ಬಣ್ಣ ಹತ್ತಿಸುವುದು ಉಣ್ಣೆ, ರೇಷ್ಮೆಗಳಿಗೆ ಹತ್ತಿಸಿದಷ್ಟು ಸುಲಭವಲ್ಲ. ಹಳೆಯ ಬಣ್ಣಗಾರರು ಮೊದಲು ಪಟಿಕದಂಥ ಲವಣವನ್ನು ನೂಲಿಗೆ ಕುಡಿಸಿ, ಅದರ ಮೇಲೆ ಬಣ್ಣವನ್ನು ಕೂರಿಸಬೇಕಾಗಿತ್ತು. 1884ರಲ್ಲಿ ಜರ್ಮನಿಯ ಪೌಲ್ ಬೊಟ್ಟಿಗರ್ ಪೇಟೆಂಟ್ ಪಡೆದ ಕೆಂಪು ಬಣ್ಣವೊಂದು ಈ ಶ್ರಮವನ್ನು ಕಳೆಯಿತು. ಬಿಸಿನೀರಿಗೆ ಬಣ್ಣವನ್ನೂ ಉಪ್ಪನ್ನೂ ಹಾಕಿ ನೂಲನ್ನು ಅದ್ದಿದರೆ ಸಾಕು. ಆಗ ಬರ್ಲಿನ್ ನಗರದಲ್ಲಿ ಯೂರೋಪಿನ ರಾಷ್ಟ್ರಗಳು ಆಫ್ರಿಕದ ಕಾಂಗೋ ಪ್ರದೇಶದ ಬಗ್ಗೆ ಸಮ್ಮೇಳನ ನಡೆಸುತ್ತಿದ್ದವು. ಪತ್ರಿಕೆಗಳ ತುಂಬ ಆ ಹೆಸರೇ ಇದ್ದುದರಿಂದ ವ್ಯಾಪಾರಿಗಳು ಬಣ್ಣಕ್ಕೂ ಕಾಂಗೋ ರೆಡ್ ಎಂದು ಹೆಸರಿಟ್ಟರು. ಅದರ ಅಣು ಉದ್ದವಾಗಿ, ಚಪ್ಪಟೆಯಾಗಿ ಇರುವುದರಿಂದ ಹತ್ತಿಯ ಎಳೆಯ ಉದ್ದಕ್ಕೂ ಒರಗಿ ಕೂರುತ್ತದೆ. ಆ ಅಣುವಿನ ನಡುಭಾಗವನ್ನು ಬೆನ್‌ಜಿಡಿನ್ ಎಂಬ ವಸ್ತುವಿನಿಂದ ಕಟ್ಟಲಾಗಿತ್ತು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

ನೂಲಿನೊಳಗೇ ಬಣ್ಣವನ್ನು ಹುಟ್ಟಿಸುವ ಇನ್ನೊಂದು ದಾರಿಯನ್ನು 1880ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನವರು ತೋರಿಸಿಕೊಟ್ಟರು. ನೂಲಿನ ಲಡಿಯನ್ನು ಮೊದಲು ನ್ಯಾಫ್ತಾಲ್ ದ್ರಾವಣದಲ್ಲಿ ನೆನೆಸಿ, ಹಿಂಡಿ, ಬಳಿಕ ತಣ್ಣನೆಯ ಡಯಜೋ ದ್ರಾವಣಕ್ಕೆ ಅದ್ದುವುದು. ಎಳೆಯೊಳಗೆ ಮೂಡಿದ ಬಣ್ಣ ನೀರಿನಲ್ಲಿ ಕರಗದಿರುವುದರಿಂದ ತೊಳೆದರೂ ಬಿಡುವುದಿಲ್ಲ. ನಮ್ಮ ದೇಶದ ಕೈಮಗ್ಗದ ಬಣ್ಣದ ಮನೆಗಳಲ್ಲಿ ನ್ಯಾಫ್ತಾಲ್ ಎಂಬ ಮಾತು ಬಹುಕಾಲದಿಂದ ಪರಿಚಿತ. 1956ರಲ್ಲಿ ಹತ್ತಿಯೊಡನೆ ರಾಸಾಯನಿಕ ಬಂಧವನ್ನೇ ಏರ್ಪಡಿಸಿಕೊಳ್ಳುವ ರಿಯಾಕ್ಟಿವ್ ಬಣ್ಣಗಳು ಮಾರುಕಟ್ಟೆಗೆ ಬಂದವು. ಅವುಗಳಲ್ಲಿಯೂ ಬಹುಪಾಲಿನ ಒಡಲಲ್ಲಿ ಇರುವುದು ಅಜೋ ಕೊಂಡಿಯೇ.

ಔಷಧವಾದ ಬಣ್ಣ

ಕೊಂಡಿ ಕಟ್ಟುವುದನ್ನು ಕಲಿತ ಮನುಷ್ಯನಿಗೆ, ಅದು ಒಡಲಿನಲ್ಲಿ ಕಳಚಬಲ್ಲದು ಎಂಬುದರ ಮಹತ್ವ ತಿಳಿದದ್ದು ಔಷಧದ ದಾರಿಯಿಂದ. ಜರ್ಮನಿಯ ಬಾಯರ್ ಸಂಸ್ಥೆಯಲ್ಲಿ ಜೋಸೆಫ್ ಕ್ಲಾರರ್ ಮತ್ತು ಫ್ರಿಟ್ಸ್ ಮೀಚ್ ತಯಾರಿಸುತ್ತಿದ್ದ ಬಣ್ಣಗಳನ್ನು ಗೆರ್ಹಾರ್ಡ್ ಡೋಮಾಕ್ ಸೋಂಕು ತಗುಲಿದ ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದರು. 1932ರ ಕೊನೆಯಲ್ಲಿ ಒಂದು ಕೆಂಪು ಅಜೋ ಬಣ್ಣ ಸ್ಟ್ರೆಪ್ಟೊಕಾಕಸ್ ಸೋಂಕಿನಿಂದ ಸಾಯಬೇಕಾಗಿದ್ದ ಇಲಿಗಳನ್ನು ಬದುಕಿಸಿತು. ಪ್ರೊಂಟೊಸಿಲ್ ಎಂಬ ಆ ಔಷಧದ ವಿಷಯ 1935ರಲ್ಲಿ ಪ್ರಕಟವಾಯಿತು. ಅದೇ ವರ್ಷ ಡೋಮಾಕರ ಪುಟ್ಟ ಮಗಳ ಕೈಗೆ ಸೂಜಿ ಚುಚ್ಚಿ ನಂಜೇರಿದಾಗ, ಅವರು ಅದೇ ಔಷಧವನ್ನು ಕೊಟ್ಟು ಅವಳನ್ನು ಉಳಿಸಿಕೊಂಡರು. 1939ರ ನೊಬೆಲ್ ಪ್ರಶಸ್ತಿ ಅವರಿಗೆ ಬಂದರೂ ನಾತ್ಸಿ ಸರ್ಕಾರ ಅದನ್ನು ಸ್ವೀಕರಿಸಗೊಡಲಿಲ್ಲ. ಪದಕ ಅವರ ಕೈ ಸೇರಿದ್ದು 1947ರಲ್ಲಿ.

ಆದರೆ ಇಲ್ಲೊಂದು ಒಗಟಿತ್ತು. ಗಾಜಿನ ನಳಿಗೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಗಳ ಮೇಲೆ ಪ್ರೊಂಟೊಸಿಲ್ ಏನೂ ಪರಿಣಾಮ ಬೀರುತ್ತಿರಲಿಲ್ಲ. ಜೀವಿಯ ಒಡಲಿನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳಾದ ಟ್ರೆಫುಯೆಲ್ ದಂಪತಿಗಳು, ನಿಟ್ಟಿ ಮತ್ತು ಬೊವೆ 1935ರಲ್ಲಿಯೇ ಅದನ್ನು ಬಿಡಿಸಿದರು. ದೇಹದಲ್ಲಿ ಅಜೋ ಕೊಂಡಿ ಕಳಚಿ ಅಣು ಎರಡು ಹೋಳಾಗುತ್ತದೆ. ಅವುಗಳಲ್ಲೊಂದು ಸಲ್ಫನಿಲಮೈಡ್, ರೋಗಾಣುವನ್ನು ತಡೆಯುವುದು ಬಣ್ಣವಿಲ್ಲದ ಆ ಹೋಳು. 1908ರಲ್ಲಿಯೇ ತಯಾರಾಗಿ ಮೂಲೆಗೆ ಬಿದ್ದಿದ್ದ ಅಗ್ಗದ ವಸ್ತು ಅದು. ಸಲ್ಫಾ ಔಷಧಗಳ ಯುಗ ಅಲ್ಲಿಂದ ಆರಂಭವಾಯಿತು.

ಈ ಜ್ಞಾನವನ್ನು ಬೇಕೆಂದೇ ಬಳಸಿಕೊಂಡ ಔಷಧವೂ ಇದೆ. ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಸ್ 1940ರ ಸುಮಾರಿಗೆ ಬಳಕೆಗೆ ತಂದ ಸಲ್ಫಸಲಜಿನ್ ಎಂಬ ಹಳದಿ ಮಾತ್ರೆ ಬಹುಪಾಲು ಒಡೆಯದೆ ದೊಡ್ಡ ಕರುಳನ್ನು ತಲುಪುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಕೊಂಡಿಯನ್ನು ಕಳಚುತ್ತವೆ; ಔಷಧ ಬೇಕಾದ ಕಡೆಯಲ್ಲಿಯೇ ಬಿಡುಗಡೆಯಾಗುತ್ತದೆ. ಕರುಳಿನ ಹುಣ್ಣಿಗೂ ಕೀಲುವಾತಕ್ಕೂ ಅದು ಇಂದಿಗೂ ಬಳಕೆಯಲ್ಲಿದೆ.

ವಿಷವಾದ ಬಣ್ಣ

ಅದೇ ಕರುಳು, ಅದೇ ಬ್ಯಾಕ್ಟೀರಿಯಾ, ಅದೇ ಕೊಂಡಿ. ಆದರೆ ಕಳಚಿದಾಗ ಹೊರಬರುವ ಹೋಳು ಬೆನ್‌ಜಿಡಿನ್ ಆಗಿದ್ದರೆ?

1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗಡ್ಡೆಗಳನ್ನು ಕಂಡು ವರದಿ ಮಾಡಿದನು. ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಫುಕ್ಸಿನ್ ಅಜೋ ಬಣ್ಣವಲ್ಲದಿದ್ದರೂ, ಕಚ್ಚಾವಸ್ತುಗಳು ಇದೇ ಅಮೀನುಗಳ ಜಾತಿಯವು. ಮುಂದಿನ ದಶಕಗಳಲ್ಲಿ ಬೆನ್‌ಜಿಡಿನ್ ಮತ್ತು ನ್ಯಾಫ್ತೈಲಮೀನ್ ಎಂಬ ಎರಡು ಅಮೀನುಗಳು ಮನುಷ್ಯನಲ್ಲಿ ಕ್ಯಾನ್ಸರನ್ನು ಉಂಟುಮಾಡುತ್ತವೆ ಎಂಬುದು ಖಚಿತವಾಯಿತು. ಆದರೂ, ಕಾರ್ಖಾನೆಯೊಳಗೆ ಅಪಾಯಕಾರಿಯಾದ ಅಮೀನು ಒಮ್ಮೆ ಬಣ್ಣವಾಗಿ ಕೊಂಡಿ ಹಾಕಿಕೊಂಡ ಮೇಲೆ ನಿರಪಾಯಕಾರಿಯೆಂಬ ನಂಬಿಕೆ ಬಹುಕಾಲ ಉಳಿದಿತ್ತು.

ಜಪಾನಿನ ಕ್ಯೋಟೋ ನಗರದ ಅನುಭವ ಆ ನಂಬಿಕೆಯನ್ನು ಅಲುಗಿಸಿತು. ಅಲ್ಲಿ ರೇಷ್ಮೆಯ ಕಿಮೋನೊಗಳ ಮೇಲೆ ಚಿತ್ರ ಬಿಡಿಸುವ ಕುಶಲಕರ್ಮಿಗಳು ಕುಂಚದ ತುದಿಯನ್ನು ಚೂಪು ಮಾಡಲು ಬಾಯಲ್ಲಿಟ್ಟು ನೆಕ್ಕುವ ರೂಢಿಯಿತ್ತು. ಅವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕಂಡುಬರುತ್ತಿರುವುದನ್ನು 1971ರಲ್ಲಿ ವೈದ್ಯರು ವರದಿ ಮಾಡಿದರು. ಅವರು ಬೆನ್‌ಜಿಡಿನನ್ನು ಮುಟ್ಟಿದವರಲ್ಲ. ಬೆನ್‌ಜಿಡಿನ್‌ನಿಂದ ಕಟ್ಟಿದ ಬಣ್ಣಗಳನ್ನು ದಿನವೂ ಹನಿಹನಿಯಾಗಿ ನುಂಗಿದವರು. ಕೊಂಡಿಯನ್ನು ಕಳಚುವ ಕೆಲಸವನ್ನು ದೇಹವೇ ಮಾಡಿತ್ತು.

1994ರಲ್ಲಿ ಜರ್ಮನಿಯು ಇಂಥ ಅಪಾಯಕಾರಿ ಅಮೀನುಗಳನ್ನು ಬಿಡುಗಡೆ ಮಾಡಬಲ್ಲ ಅಜೋ ಬಣ್ಣಗಳನ್ನು ಮೈಗೆ ತಾಗುವ ಬಟ್ಟೆ ಮತ್ತು ಚರ್ಮದ ವಸ್ತುಗಳಲ್ಲಿ ನಿಷೇಧಿಸಿತು. ತೊಂಬತ್ತರ ದಶಕದಲ್ಲಿ ಭಾರತ ಸರ್ಕಾರವೂ ಬೆನ್‌ಜಿಡಿನ್ ಮೂಲದ ಮತ್ತು ಇತರ ಅಜೋ ಬಣ್ಣಗಳು ಸೇರಿ ಒಟ್ಟು 112 ವರ್ಣದ್ರವ್ಯಗಳಿಗೆ ನಿಷೇಧ ಹೇರಿತು. ಈ ಕಾನೂನುಗಳು ಅಜೋ ಕುಟುಂಬವನ್ನು ಇಡಿಯಾಗಿ ಹೊರಗಿಟ್ಟಿಲ್ಲ. ಬಣ್ಣ ಒಡೆದಾಗ ಏನು ಸಿಗುತ್ತದೆ ಎಂಬುದನ್ನು ನೋಡಿ ಬೇರ್ಪಡಿಸಿವೆ. ಆದ್ದರಿಂದ ಇಂದು ಧರಿಸುವ ಬಟ್ಟೆಯ ಬಣ್ಣಕ್ಕೆಲ್ಲ ಹೆದರಬೇಕಾಗಿಲ್ಲ.

ತಟ್ಟೆಗೆ ಬಂದ ಬಣ್ಣ

ಹೆಚ್ಚಿನ ಎಚ್ಚರ ಬೇಕಾಗಿರುವುದು ತಟ್ಟೆಯ ವಿಷಯದಲ್ಲಿ. ಹಿಂದೆ ಬೆಣ್ಣೆಗೂ ಮಾರ್ಗರೀನಿಗೂ ಬೆರೆಸುತ್ತಿದ್ದ ಬಟರ್ ಯೆಲ್ಲೊ ಎಂಬ ಅಜೋ ಬಣ್ಣ ಇಲಿಗಳ ಯಕೃತ್ತಿನಲ್ಲಿ ಕ್ಯಾನ್ಸರನ್ನು ಉಂಟುಮಾಡುತ್ತದೆ ಎಂದು 1930ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಈ ಬಟರ್ ಯೆಲ್ಲೊಗೂ ಶಾಲೆಯ ಮೀಥೈಲ್ ಆರೆಂಜಿಗೂ ರಚನೆಯಲ್ಲಿ ಇರುವುದು ಒಂದೇ ವ್ಯತ್ಯಾಸ: ಮೀಥೈಲ್ ಆರೆಂಜಿನ ಒಂದು ತುದಿಯಲ್ಲಿ ಗಂಧಕ ಮತ್ತು ಆಮ್ಲಜನಕಗಳಿಂದಾದ ಸಲ್ಫೋನಿಕ್ ಗುಂಪು ಇದೆ. ಈ ಗುಂಪು ಅಣುವನ್ನು ನೀರಿನಲ್ಲಿ ಕರಗಿಸುತ್ತದೆ. ನೀರಿಗೆ ಒಲಿದ ಅಣು ಕರುಳಿನ ಗೋಡೆಯನ್ನು ಸುಲಭವಾಗಿ ದಾಟಲಾರದು. ದಾಟಿದ ಅಲ್ಪ ಭಾಗವೂ ಬೇಗ ಹೊರಹೋಗುತ್ತದೆ. ಹಾಗೆಂದು ಮೀಥೈಲ್ ಆರೆಂಜ್ ತಿನ್ನುವ ಬಣ್ಣವಲ್ಲ. ಅದರ ಇನ್ನೊಂದು ತುದಿಗೆ ಈ ರಕ್ಷಣೆ ಇಲ್ಲ.

ಭಾರತದ ಆಹಾರ ಕಾನೂನು ಎಂಟು ಕೃತಕ ಬಣ್ಣಗಳಿಗೆ ಅನುಮತಿ ನೀಡಿದೆ. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯ್ಸಿನ್, ಪಾನ್ಸೊ 4ಆರ್ ಎಂಬ ನಾಲ್ಕು ಅಜೋ ಕುಟುಂಬದವು. ನಾಲ್ಕರಲ್ಲಿಯೂ ಕೊಂಡಿಯ ಎರಡೂ ಬದಿಗಳಲ್ಲಿ ಸಲ್ಫೋನಿಕ್ ಗುಂಪು ಇದೆ. ಕೊಂಡಿ ಕಳಚಿದರೂ ಎರಡು ಹೋಳುಗಳೂ ನೀರಿನಲ್ಲಿ ಕರಗುತ್ತವೆ. ಆದರೂ ಮಿತಿಯುಂಟು: ಸಾಮಾನ್ಯವಾಗಿ ಒಂದು ಕಿಲೋ ತಿನಿಸಿನಲ್ಲಿ 100 ಮಿಲಿಗ್ರಾಂ ಮೀರುವಂತಿಲ್ಲ. ಯೂರೋಪಿನಲ್ಲಿ ಈ ನಾಲ್ಕೂ ಸೇರಿದಂತೆ ಆರು ಬಣ್ಣಗಳನ್ನು ಬಳಸಿದ ತಿನಿಸಿನ ಮೇಲೆ, ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ದುಷ್ಪರಿಣಾಮ ಆಗಬಹುದು ಎಂಬ ಎಚ್ಚರಿಕೆಯನ್ನು 2010ರಿಂದ ಮುದ್ರಿಸಬೇಕಾಗಿದೆ.

ಕಾನೂನಿಗೆ ಹೊರತಾದ ಬಣ್ಣಗಳ ಮಾತು ಬೇರೆ. ಅರಿಸಿನಕ್ಕೂ ತೊಗರಿಬೇಳೆಗೂ ಹೊಳಪು ಕೊಡಲು ಕಳ್ಳತನದಿಂದ ಬೆರೆಸುವ ಮೆಟಾನಿಲ್ ಯೆಲ್ಲೊದಲ್ಲಿ ಸಲ್ಫೋನಿಕ್ ಗುಂಪು ಒಂದೇ ಬದಿಯಲ್ಲಿದೆ. ಇನ್ನೊಂದು ಬದಿಯ ಹೋಳು ರಕ್ಷಣೆಯಿಲ್ಲದ ಅಮೀನು. ಮೆಣಸಿನ ಪುಡಿಗೆ ಬೆರೆಸುವ ಸುಡಾನ್ ಕೆಂಪಿನಲ್ಲಿ ಆ ಗುಂಪು ಇಲ್ಲವೇ ಇಲ್ಲ. ಅದು ಎಣ್ಣೆಯಲ್ಲಿ ಕರಗುವ ಬಣ್ಣ. ಮೇಣ, ಎಣ್ಣೆ, ಪಾಲಿಶುಗಳಿಗಾಗಿ ಹುಟ್ಟಿದ್ದು. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಪುಡಿಯಲ್ಲಿ ಅದು ಯೂರೋಪಿನಲ್ಲಿ ಪತ್ತೆಯಾಯಿತು. 2005ರಲ್ಲಿ ಬ್ರಿಟನ್ನಿನಲ್ಲಿ ಒಂದು ಸಾಸಿನ ಮೂಲಕ ಹರಡಿದ್ದ ಇದೇ ಬಣ್ಣದಿಂದಾಗಿ ನಾನೂರಕ್ಕೂ ಹೆಚ್ಚು ಬಗೆಯ ಆಹಾರಪದಾರ್ಥಗಳನ್ನು ಅಂಗಡಿಗಳಿಂದ ಹಿಂಪಡೆಯಬೇಕಾಯಿತು. ಕೆಲವರ ಕಲಬೆರಕೆಯ ಹೊರೆ, ಬ್ಯಾಡಗಿಯಂಥ ಸಹಜ ಕೆಂಪಿನ ಮೆಣಸನ್ನು ಬೆಳೆದ ರೈತರ ಹೆಸರಿನ ಮೇಲೂ ಬೀಳುತ್ತದೆ.

ಬಣ್ಣ ಹೋದ ನೀರು

ಬಣ್ಣದ ಮನೆಗಳಿಂದ ಹೊರಬೀಳುವ ನೀರಿನ ವಿಷಯದಲ್ಲಿಯೂ ಇದೇ ರಸಾಯನ ಅನ್ವಯಿಸುತ್ತದೆ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅಜೋ ಕೊಂಡಿಯನ್ನು ಕಳಚುತ್ತವೆ. ನೀರು ತಿಳಿಯಾಗಿ ಕಾಣತೊಡಗುತ್ತದೆ. ಆದರೆ ಅಮೀನುಗಳು ಅಲ್ಲಿಯೇ ಉಳಿದಿರುತ್ತವೆ. ಅವುಗಳನ್ನು ಅರಗಿಸಲು ಗಾಳಿಯಾಡುವ ಎರಡನೆಯ ತೊಟ್ಟಿ ಬೇಕು. ತಿಳಿಯಾದ ನೀರೆಲ್ಲ ಶುದ್ಧವಾದ ನೀರಲ್ಲ. ತಿರುಪ್ಪೂರಿನ ಬಣ್ಣದ ಘಟಕಗಳಿಂದ ನೊಯ್ಯಲ್ ನದಿ ಕೆಟ್ಟುಹೋದಾಗ, ಹೊರಗೆ ಒಂದು ಹನಿಯನ್ನೂ ಬಿಡದಿರುವ ವ್ಯವಸ್ಥೆ ಆಗುವವರೆಗೆ ಅವುಗಳನ್ನು ಮುಚ್ಚಬೇಕೆಂದು 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶಿಸಿತು. ಆ ನದಿ ಸೇರುವುದು ಕಾವೇರಿಯನ್ನು.

ಮನೆಯಲ್ಲಿ, ಶಾಲೆಯಲ್ಲಿ

ತಂದೆತಾಯಂದಿರು ಮಾಡಬಹುದಾದ ಕೆಲಸಗಳು ಕೆಲವಿವೆ. ಮಕ್ಕಳು ಬಯಸುವ ತಿನಿಸಿನ ಪೊಟ್ಟಣವನ್ನು ತಿರುಗಿಸಿ ಓದಬೇಕು. 102 ಎಂದರೆ ಟಾರ್ಟ್ರಜಿನ್, 110 ಎಂದರೆ ಸನ್‌ಸೆಟ್ ಯೆಲ್ಲೊ, 122 ಕಾರ್ಮೊಯ್ಸಿನ್, 124 ಪಾನ್ಸೊ 4ಆರ್. ಸಂಖ್ಯೆಗಳನ್ನು ಮಕ್ಕಳೇ ಹುಡುಕಲಿ, ಅದೊಂದು ಪಾಠವಾಗುತ್ತದೆ. ಪೊಟ್ಟಣವೇ ಇಲ್ಲದ, ಕಣ್ಣು ಕುಕ್ಕುವ ಬಣ್ಣದ ತಿನಿಸಿನಲ್ಲಿ ಯಾವ ಬಣ್ಣ ಎಷ್ಟಿದೆ ಎಂದು ಹೇಳುವವರಿಲ್ಲ. 2024ರ ಆರಂಭದಲ್ಲಿ ತಮಿಳುನಾಡು ಬಾಂಬೆ ಮಿಠಾಯಿಯ ಮಾರಾಟವನ್ನು ನಿಷೇಧಿಸಿತು. ಅದರಲ್ಲಿ ಕಂಡುಬಂದ ರೋಡಮಿನ್-ಬಿ ಅಜೋ ಕುಟುಂಬದ್ದಲ್ಲ, ಆದರೆ ಅದೂ ಬಟ್ಟೆಯ ಬಣ್ಣವೇ. ಮರುತಿಂಗಳೇ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ತಡೆಯಿತು. ಸಾಂಬಾರ ಪುಡಿಗಳನ್ನು ಸಾಧ್ಯವಾದಷ್ಟು ಇಡಿಯಾಗಿ ಕೊಂಡು ಪುಡಿಮಾಡಿಸುವ ನಮ್ಮ ಹಿರಿಯರ ಪದ್ಧತಿಗೆ ಈಗ ಇನ್ನೊಂದು ಕಾರಣ ಸಿಕ್ಕಿದೆ.

ಶಾಲೆಯ ವಿಜ್ಞಾನ ಶಿಕ್ಷಕರು ಒಂದು ಪರೀಕ್ಷೆಯನ್ನು ತಾವೇ ಮಾಡಿ ತೋರಿಸಬಹುದು. ಪ್ರನಾಳದಲ್ಲಿ ಚಿಟಿಕೆ ಅರಿಸಿನಕ್ಕೆ ನೀರು ಬೆರೆಸಿ, ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಎಚ್ಚರದಿಂದ ಹಾಕಬೇಕು. ಗುಲಾಬಿ ಅಥವಾ ನೇರಳೆ ಬಣ್ಣ ಬಂದರೆ ಇನ್ನಷ್ಟು ನೀರು ಹಾಕಬೇಕು. ಶುದ್ಧ ಅರಿಸಿನದ ಕೆಂಪು ನೀರು ಹಾಕಿದೊಡನೆ ಮಾಯವಾಗುತ್ತದೆ. ಮೆಟಾನಿಲ್ ಯೆಲ್ಲೊ ಇದ್ದರೆ ಬಣ್ಣ ಉಳಿಯುತ್ತದೆ. ಮೀಥೈಲ್ ಆರೆಂಜ್ ಆಮ್ಲದಲ್ಲಿ ಕೆಂಪಾಗುವುದೂ ಇದೂ ಒಂದೇ ಕ್ರಿಯೆ. ಮೆಣಸಿನ ಪುಡಿಯ ಸುಡಾನ್ ಬಣ್ಣ ಮಾತ್ರ ಹೀಗೆ ಸಿಕ್ಕಿಬೀಳುವುದಿಲ್ಲ. ಪುಡಿಯನ್ನು ನೀರಿನ ಲೋಟದ ಮೇಲೆ ಉದುರಿಸಿ ನೋಡುವ ಪರೀಕ್ಷೆ ನೀರಿನಲ್ಲಿ ಕರಗುವ ಬಣ್ಣಗಳನ್ನಷ್ಟೇ ತೋರಿಸುತ್ತದೆ. ಎಣ್ಣೆಯಲ್ಲಿ ಕರಗುವ ಬಣ್ಣದ ಅನುಮಾನ ಬಂದರೆ ಪುಡಿಯನ್ನು ಆಹಾರ ಪರೀಕ್ಷಾ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡುವ ಹಕ್ಕು ಪ್ರತಿಯೊಬ್ಬ ಗ್ರಾಹಕನಿಗೂ ಇದೆ.

ಈ ಪರೀಕ್ಷೆಗೆ ಬೇಕಾದ ಆಮ್ಲವೂ ಪ್ರನಾಳವೂ ಬಹುತೇಕ ಪ್ರೌಢಶಾಲೆಗಳಲ್ಲಿ ಸಿಗುತ್ತವೆ. ಒಂದು ಶನಿವಾರ ಮಕ್ಕಳು ತಮ್ಮ ತಮ್ಮ ಮನೆಯಿಂದ ಒಂದೊಂದು ಚಿಟಿಕೆ ಅರಿಸಿನವನ್ನು, ಯಾವ ಅಂಗಡಿಯದೆಂದು ಬರೆದ ಚೀಟಿಯೊಡನೆ ಕಾಗದದಲ್ಲಿ ಕಟ್ಟಿಕೊಂಡು ಬಂದರೆ, ಊರಿನ ಅರಿಸಿನ ಎಂಥದೆಂದು ಒಂದು ಗಂಟೆಯೊಳಗೆ ತಿಳಿದುಹೋಗುತ್ತದೆ.